ತಕ್ಕಡಿ ಹತ್ತಿದ ಅತ್ತೆ

ಮೊನ್ನೆ ಮಧ್ಯಾಹ್ನ ನನ್ನ ಮಗಳು ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆಯಲು ಎದ್ದಳು. ಹಂಚಿನಿಂದ ಆಗಷ್ಟೇ ಇಳಿಸಿದ ಜೋಳದ ರೊಟ್ಟಿ. ಜೊತೆಗೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ರೊಟ್ಟಿ ಬಡಿದು ಗೊತ್ತಿರುವವರು ನೀವಾಗಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾದೀತು. ಅರ್ಧ ರೊಟ್ಟಿ ಬಿಡುವುದೆಂದರೆ ಬಡಿದವಳಿಗೆ ಪೂರ್ತಿ ಅವಮಾನ. ಬೇರೆ ದಿನವಾಗಿದ್ದರೆ ನಾನೂ ಮುಖ ಊದಿಸಿಕೊಂಡು ಕೂರುತ್ತಿದ್ದೆ. ಆದರೆ ಮಗಳಿಗೆ ಈಗ ಏಳು ತಿಂಗಳು. ಗುಜರಾತಿನ ಬೋಡಕ್‌ದೇವ್ ಬಡಾವಣೆಯ ಈ ಎತ್ತರದ ಅಪಾರ್ಟ್‌ಮೆಂಟಿಗೆ ನಾನು ಬಂದು ಕೂತಿರುವುದೇ ಅವಳಿಗೆ ಉಣಿಸುವುದಕ್ಕೆ.

"ಯಾಕವ್ವಾ, ಪಲ್ಯ ಖಾರ ಆಗೇತೇನು?" ಎಂದೆ.

"ಇಲ್ಲಮ್ಮಾ, ಸಾಕು. ಆಲ್ರೆಡಿ ವೇಟ್ ಜಾಸ್ತಿ ಆಯ್ತು. ಆಫೀಸಲ್ಲಿ ಎಲ್ಲರೂ ಏನಂತಾರೆ ಗೊತ್ತಾ? ಹಿಂದಿನಿಂದ ನೋಡಿದರೆ ಪ್ರೆಗ್ನೆಂಟ್ ಅಂತ ಗೊತ್ತೇ ಆಗಲ್ಲ ಅಂತಾರೆ. ನನಗೆ ಹಾಗೇ ಇರಬೇಕು."

ಹಿಂದಿನ ವಾರವಷ್ಟೇ ಅವಳ ಡಾಕ್ಟರು ತೂಕ ಇನ್ನೂ ಏರಬೇಕು, ಊಟ ಬಿಡಬೇಡ ಎಂದು ಹೇಳಿದ್ದನ್ನು ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದೆ. ಡಾಕ್ಟರ ಮಾತಿಗಿಂತ ಆಫೀಸಿನ ಹೊಗಳಿಕೆಯೇ ಇವಳಿಗೆ ಹೆಚ್ಚು ರುಚಿಸಿದಂತಿತ್ತು. ಬಸುರಿಯನ್ನು ಹಿಡಿದು, ನೀನು ಬಸುರಿಯೆಂದು ಗೊತ್ತೇ ಆಗುವುದಿಲ್ಲ ಎನ್ನುವುದು ಹೊಗಳಿಕೆ ಹೇಗಾಯಿತೋ ನನಗಂತೂ ತಿಳಿಯದು. ಮಾವಿನ ಮರದ ಮುಂದೆ ನಿಂತು, ನಿನ್ನಲ್ಲಿ ಕಾಯಿ ಬಿಟ್ಟದ್ದು ಕಾಣಿಸುವುದೇ ಇಲ್ಲ ಎಂದು ಯಾರಾದರೂ ಹೇಳುತ್ತಾರೆಯೇ? ಜಗಳ ಆಡಬೇಕೆಂದು ಬಾಯಿ ತೆರೆದೆ. ಆದರೆ ತಟ್ಟೆಯಲ್ಲಿದ್ದ ಆ ಅರ್ಧ ರೊಟ್ಟಿ ನೋಡಿದ್ದೇ ನನ್ನ ಅತ್ತೆ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಮದುವೆಯಾಗಿ ನಾನು ಬಂದದ್ದು ಸೂರತ್ತಿಗೆ. ಪಾಂಡೇಸರಾದಲ್ಲಿ ಸೀರೆಗಳಿಗೆ ಬಣ್ಣ ಹಾಕುವ ಮಿಲ್ಲೊಂದರ ಲ್ಯಾಬನ್ನು ನಮ್ಮವರು ನೋಡಿಕೊಳ್ಳುತ್ತಿದ್ದರು. ಅವರ ಉಗುರಿನ ಸಂದಿ ನೋಡಿದರೆ ಸಾಕು, ಈ ಸಲದ ಹಬ್ಬಕ್ಕೆ ದೇಶದ ಹೆಂಗಸರು ಯಾವ ಬಣ್ಣದ ಸೀರೆ ಉಡಲಿದ್ದಾರೆಂದು ನನಗೆ ಮೊದಲೇ ಗೊತ್ತಾಗುತ್ತಿತ್ತು. ಮನೆ ಮಿಲ್ಲಿಗೆ ಹತ್ತಿರ. ಬಾಯ್ಲರಿನ ಹೊಗೆ, ಗಟಾರದಲ್ಲಿ ಹರಿಯುವ ಬಣ್ಣದ ನೀರಿನ ವಾಸನೆ, ಇವೆಲ್ಲ ಹೊಸ್ತಿಲು ದಾಟಿ ಒಳಗೇ ಬರುತ್ತಿದ್ದವು. ಅಂಥಲ್ಲಿ ನಾನು ಬಸುರಾದೆ. ಮೊದಲ ನಾಲ್ಕು ತಿಂಗಳು ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆಮೇಲೆ ವಾಂತಿ ನಿಂತು ಹಸಿವು ಶುರುವಾಯಿತು ನೋಡಿ, ಅದು ಅಂಥಿಂಥ ಹಸಿವಲ್ಲ. ಸರಿಯಾಗಿ ಅದೇ ಹೊತ್ತಿಗೆ ಗದಗಿನಿಂದ ನಮ್ಮ ಅತ್ತೆ ಬಂದಿಳಿದರು. ನನ್ನ ತಾಯಿ ತೀರಿಕೊಂಡಿದ್ದರಿಂದ ತವರಿಗೆ ಹೋಗುವ ಪ್ರಶ್ನೆ ಇರಲಿಲ್ಲ. ಬಾಣಂತನ ಮುಗಿಸಿಯೇ ಹೋಗುವುದೆಂದು ಟ್ರಂಕು ಸಮೇತ ಬಂದಿದ್ದರು.

ಅತ್ತೆ ಸಣ್ಣ ಆಳು. ನೀರಿನ ಕೊಡ ಹೊತ್ತು ಬಂದರೆ ಕೊಡವೇ ನಡೆದು ಬಂದಂತೆ ಕಾಣುತ್ತಿತ್ತು. ಧ್ವನಿ ಮಾತ್ರ ಆಳಿಗೆ ಮೀರಿದ್ದು. ಗುಜರಾತಿ ದಾಲಿಗೆ ಬೆಲ್ಲ ಹಾಕುತ್ತಾರೆಂದು ಕೇಳಿ, "ಇವರಿಗೆ ಸಾರು ಯಾವುದು, ಪಾಯಸ ಯಾವುದು ಗೊತ್ತಿಲ್ಲೇನ?" ಎಂದು ಇಡೀ ಓಣಿಗೆ ಕೇಳುವಂತೆ ಅಂದಿದ್ದರು. ಓಣಿಯವರಿಗೆ ಕನ್ನಡ ಬಾರದಿದ್ದುದು ನಮ್ಮ ಪುಣ್ಯ. ಅಡುಗೆ ಮನೆ ಅವರ ಕೈಗೆ ಹೋದ ದಿನದಿಂದ ನನ್ನ ತಟ್ಟೆಗೆ ಒಂದೂವರೆ ರೊಟ್ಟಿ ಬೀಳತೊಡಗಿತು, ಆಮೇಲೆ ಒಂದು, ಆಮೇಲೆ ಅರ್ಧ. ಜಿಪುಣತನವಲ್ಲ. ಮಗನಿಗೆ ಒತ್ತಾಯ ಮಾಡಿ ಮಾಡಿ ಬಡಿಸುತ್ತಿದ್ದರು. ನನಗೆ ಮಾತ್ರ ಲೆಕ್ಕವೇ ಬೇರೆ.

"ಬಸರಿ ಭಾಳ ಉಣ್ಣಬಾರದವ್ವಾ. ಕೂಸು ಸಣ್ಣದಿದ್ರ ಹೆರಿಗಿ ಹಗುರ. ಹೊರಗ ಬಂದ ಮ್ಯಾಲ ಬೆಳಸಾಕ ನಾವಿಲ್ಲೇನು?" ಎನ್ನುತ್ತಿದ್ದರು.

ನಮ್ಮವರು ತಾಯಿಗೂ ಹೂಂ, ನನಗೂ ಹೂಂ. ಬಣ್ಣಕ್ಕೆ ಬಣ್ಣ ಬೆರೆಸುವುದರಲ್ಲಿ ಎಷ್ಟು ಜಾಣರೋ ಮನೆಯ ಮಾತಿನಲ್ಲಿ ಅಷ್ಟೇ ಅಂಜುಬುರುಕರು. ಪಕ್ಕದ ಮನೆಯ ಮಂಜುಳಾಬೆನ್ ಗೋದಿಹಿಟ್ಟು, ತುಪ್ಪ, ಬೆಲ್ಲ ಹಾಕಿ ಸುಖಡಿ ಮಾಡಿದಾಗ ಕಿಟಕಿಯಿಂದ ಕೈಚಾಚಿ ಕೊಡುವರು. ಅದನ್ನು ನಾನು ಬಚ್ಚಲುಮನೆಯಲ್ಲಿ ನಿಂತು, ನಲ್ಲಿ ಬಿಟ್ಟುಕೊಂಡು ತಿಂದಿದ್ದೇನೆ. ಅಗಿಯುವ ಸದ್ದು ಕೇಳಬಾರದಲ್ಲ! ಈಗ ಹೇಳಲು ನಗು ಬರುತ್ತದೆ. ಆಗ ನಗು ಬಂದಿರಲಿಲ್ಲ.

ಏಳು ತಿಂಗಳಾದಾಗ ಅತ್ತೆಯೂ ನನ್ನ ಜೊತೆ ದವಾಖಾನೆಗೆ ಬಂದರು. ಡಾಕ್ಟರಮ್ಮ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಹೊಟ್ಟೆ ಮುಟ್ಟಿ ನೋಡಿ, "ವಜನ್ ಬಢ್ ಹೀ ನಹೀಂ ರಹಾ. ಬಚ್ಚಾ ಬಹುತ್ ಛೋಟಾ ಹೈ" ಎಂದು ತಲೆಯಾಡಿಸಿದರು. ತೂಕ ಏರುತ್ತಿಲ್ಲ, ಕೂಸು ತೀರಾ ಸಣ್ಣದಿದೆ ಎಂದು ನಾನು ಕನ್ನಡದಲ್ಲಿ ಹೇಳಿದೆ. ಅತ್ತೆಯ ಮುಖ ಊರಗಲವಾಯಿತು. "ಸಣ್ಣದೈತಂತ? ಚಲೋ ಆತಲ್ಲ! ಹಂಗಂತ ಡಾಕ್ಟರ್‌ಬಾಯಿಗೆ ಹೇಳು, ನಾನ ಉಣ್ಣಸಾಕಿ ಅಂತನೂ ಹೇಳು" ಎಂದರು. ನಾನು ಹೇಳಲಿಲ್ಲ. ಮುಂದಿನ ಸಲ ಬರುವಷ್ಟರಲ್ಲಿ ತೂಕ ಏರದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಕೂಸಿಗೆ ಅಪಾಯ ಎಂದು ಡಾಕ್ಟರಮ್ಮ ಗಟ್ಟಿಯಾಗಿ ಹೇಳಿ ಕಳಿಸಿದರು. ಅಂದು ನನಗೆ ನಿಜಕ್ಕೂ ಭಯವಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರೆ ಒಳಗಿರುವ ಜೀವ ಹಸಿದು ಕೂತಿದೆ ಅನ್ನಿಸಿ ಅಳು ಬಂತು. ನನ್ನ ಅಳು ನೋಡಿ ನಮ್ಮವರು ಮದುವೆಯಾದ ಮೇಲೆ ಮೊದಲ ಸಲ ತಾಯಿಗೆ ಎದುರು ಮಾತಾಡಿದರು.

ಅತ್ತೆ ಸೋಲುವವರೇ? "ಆ ದವಾಖಾನಿ ತಕ್ಕಡಿ ಸುಳ್ಳೈತಿ. ಅದರ ಮುಳ್ಳು ಗಡಗಡ ನಡಗೂದು ನಾನು ನೋಡೀನಿ. ನಮ್ಮಪ್ಪ ಹತ್ತಿ ಅಡತಿ ಅಂಗಡ್ಯಾಗ ತೂಕ ಹಿಡೀತಿದ್ದ. ಖರೇ ತಕ್ಕಡಿ ಅಂದ್ರ ಕಬ್ಬಿಣದ ಕಲ್ಲಿಟ್ಟು ತೂಗೂದು. ನಿಮ್ಮ ಮಿಲ್ಲಿನ್ಯಾಗ ಇಲ್ಲೇನು?" ಎಂದು ಮಗನನ್ನೇ ಕೇಳಿದರು.

ಇತ್ತು. ಬಣ್ಣ ಕಾಣದ ಬಿಳಿ ಬಟ್ಟೆ ಬೇಲುಬೇಲಾಗಿ, ದೊಡ್ಡ ದೊಡ್ಡ ಮೂಟೆಗಳಲ್ಲಿ ಬಂದು ಬೀಳುವ ಗೋದಾಮಿನಲ್ಲಿ, ನೆಲಕ್ಕೆ ಕಬ್ಬಿಣದ ಹಲಗೆ, ಪಕ್ಕಕ್ಕೆ ಕಂಬ, ಕಂಬದ ತೋಳಿಗೆ ತೂಗುವ ಕಲ್ಲುಗಳು. ಮಿಲ್ಲಿಗೆ ರಜೆಯಿದ್ದ ದಿನ ನಾವು ಮೂವರೂ ಅಲ್ಲಿಗೆ ಹೋದೆವು. ಅತ್ತೆ ಹಲಗೆಯನ್ನು ಕಾಲಿನಿಂದ ಒತ್ತಿ ನೋಡಿದರು, ತೋಳನ್ನು ತಟ್ಟಿ ನೋಡಿದರು. "ಇದು ಖರೇ ಐತಿ" ಎಂದು ಒಪ್ಪಿಗೆ ಕೊಟ್ಟ ಮೇಲೆ ನಾನು ಚಪ್ಪಲಿ ಬಿಟ್ಟು ಹತ್ತಿದೆ. ದವಾಖಾನೆಯಲ್ಲಿ ಬಂದ ತೂಕವೇ ಇಲ್ಲೂ ಬಂತು.

"ತಡೀ, ನನ್ನ ತೂಗು" ಎಂದರು ಅತ್ತೆ. "ನಾನು ಒಣ ಕಟಗಿ, ಒಪ್ಪತ್ತು ಉಣ್ಣಾಕಿ. ಈಕಿಗಿಂತ ನಾನು ಹಗುರ ಇರಬೇಕು. ಇಲ್ಲಂದ್ರ ಇದೂ ಸುಳ್ಳ."

ಹುಟ್ಟಿದಾಗಿನಿಂದ ಎಂದೂ ತೂಕ ಮಾಡಿಸಿಕೊಳ್ಳದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ತಕ್ಕಡಿ ಹತ್ತಿ ನಿಂತರು. ನಮ್ಮವರು ನನಗೆ ಹಾಕಿದ್ದ ಕಲ್ಲುಗಳನ್ನು ಹಾಗೇ ಬಿಟ್ಟಿದ್ದರು. ತೋಳು ಮೇಲೆದ್ದದ್ದು ಕೆಳಗಿಳಿಯಲಿಲ್ಲ. ಇನ್ನೊಂದು ಕಲ್ಲು ಸೇರಿಸಿದ ಮೇಲೆ ಸಮ ನಿಂತಿತು. ನಮ್ಮವರು ಕಲ್ಲುಗಳನ್ನು ಮತ್ತೊಮ್ಮೆ ಎಣಿಸಿದರು.

"ಏನಂತೈತಿ?"

"ಅವ್ವಾ, ನಿಂದ ಜಾಸ್ತಿ ಐತಿ."

ಅತ್ತೆ ಇಳಿದು ನನ್ನನ್ನು ಮತ್ತೆ ಹತ್ತಿಸಿದರು. ತಾವೇ ಬಗ್ಗಿ ನೋಡಿದರು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿ, "ನಾನು ಒಬ್ಬಾಕಿ. ಇಲ್ಲಿ ಇಬ್ಬರು ನಿಂತಾರ" ಎಂದರು. ಅಷ್ಟೇ. ಆ ದೊಡ್ಡ ಧ್ವನಿ ಎಲ್ಲಿ ಹೋಯಿತೋ.

ಮನೆಗೆ ಬಂದು ನೀರು ಕುಡಿದು, ಗೋಡೆಗೊರಗಿ ಕೂತು ಹೇಳಿದರು. "ನನ್ನ ಮೊದಲನೇ ಕೂಸು ದೊಡ್ಡದಿತ್ತು. ಬ್ಯಾನಿ ತಿಂದು ತಿಂದು ಸಾಕಾತು, ಬರವಲ್ದು. ಬಂದಾಗ ಉಸಿರಿರಲಿಲ್ಲ. ಭಾಳ ಉಂಡ್ಲು, ಕೂಸು ಬೆಳಸಿಕೊಂಡ್ಲು ಅಂತ ಎಲ್ಲಾರೂ ನನಗ ಅಂದ್ರು. ಮುಂದಿನವನ್ನೆಲ್ಲಾ ಅರೆಹೊಟ್ಟಿಲೇ ಹಡದೆ. ನಿನಗೂ ಹಂಗ ಆಗಬಾರದು ಅಂತ, ಅಷ್ಟ ನೋಡವ್ವಾ." ತಮಗೊಬ್ಬ ಅಣ್ಣನಿದ್ದನೆಂದು ನಮ್ಮವರಿಗೂ ಅಂದೇ ಗೊತ್ತಾದದ್ದು. ನನಗೆ ಅತ್ತೆಯ ಮೇಲಿದ್ದ ಸಿಟ್ಟೆಲ್ಲ ಕರಗಿ, ಅವರ ಪಕ್ಕದಲ್ಲಿ ಹೋಗಿ ಕೂತೆ. ಇಬ್ಬರೂ ಅತ್ತೆವು. ಸ್ವಲ್ಪ ಹೊತ್ತಿಗೆ ಅವರು ಮೂಗು ಒರೆಸಿಕೊಂಡು ಎದ್ದು ಹಿಟ್ಟು ನಾದತೊಡಗಿದರು.

ಅಂದಿನಿಂದ ನಾನು ಉಂಡ ಊಟ! ರೊಟ್ಟಿಗೆ ಬೆಣ್ಣೆ, ಶೇಂಗಾ ಹೋಳಿಗೆಗೆ ತುಪ್ಪ, ಮಧ್ಯಾಹ್ನಕ್ಕೆ ಮಾದಲಿ, ಸಂಜೆಗೆ ಉಂಡಿ. ಮಂಜುಳಾಬೆನ್‌ರ ಸುಖಡಿ ಈಗ ಕಿಟಕಿಯಿಂದಲ್ಲ, ಬಾಗಿಲಿನಿಂದಲೇ ಬರುತ್ತಿತ್ತು. ಬೆಲ್ಲದ ದಾಲನ್ನೂ ಅತ್ತೆ ನನಗಾಗಿ ಕ್ಷಮಿಸಿದರು. ರಜೆಯ ದಿನ ಬಂತೆಂದರೆ ಗೋದಾಮಿಗೆ ನಮ್ಮ ಮೆರವಣಿಗೆ. ತೋಳು ಒಂದಿಷ್ಟು ಮೇಲೆದ್ದರೂ ಅತ್ತೆ, "ಏರೇತಿ! ಏರೇತಿ!" ಎಂದು ಕೂಗುವರು. ನನ್ನ ರವಿಕೆಗಳ ಹೊಲಿಗೆ ಬಿಚ್ಚಿ ಬಿಚ್ಚಿ ಒಳಗಿನ ಬಟ್ಟೆಯೇ ಮುಗಿದುಹೋಯಿತು. ಕನ್ನಡಿಯ ಮುಂದೆ ಅಡ್ಡಡ್ಡ ನಿಂತು ನನ್ನನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಮದುವೆಯ ಸೀರೆಯಲ್ಲೂ ನಾನು ನನಗೆ ಅಷ್ಟು ಚೆಂದ ಕಂಡಿರಲಿಲ್ಲ. ಅತ್ತೆಯನ್ನು ಸುಲಭವಾಗಿ ಹಿಂದೆ ಹಾಕಿದ ದಿನವಂತೂ ಓಣಿಯಲ್ಲಿ ನಡೆದು ಬರುವಾಗ ನನ್ನ ಗತ್ತು ನೋಡಬೇಕಿತ್ತು ನೀವು.

ಹೆರಿಗೆಯ ದಿನ ಅತ್ತೆ ಬಾಗಿಲ ಹೊರಗೆ ಕೂರಲೂ ಇಲ್ಲ, ನೀರೂ ಕುಡಿಯಲಿಲ್ಲ ಎಂದು ನಮ್ಮವರು ಆಮೇಲೆ ಹೇಳಿದರು. ಮೂರು ಕಿಲೋ ಮೀರಿದ ಹೆಣ್ಣು ಕೂಸು. ಅಳುವ ಧ್ವನಿಯಲ್ಲಿ ಅಜ್ಜಿಯನ್ನೇ ಹೋಲುತ್ತಿತ್ತು. ಅತ್ತೆ ಒಳಗೆ ಬಂದು, ಕೂಸನ್ನು ಮುಟ್ಟುವ ಮೊದಲು ನನ್ನ ಗಲ್ಲ ಸವರಿ, "ದೊಡ್ಡದಿತ್ತು, ಆದ್ರೂ ಬಂತಲ್ಲವ್ವಾ" ಎಂದರು. ಎಷ್ಟೋ ವರ್ಷ ಎದೆಯಲ್ಲಿ ಹೊತ್ತದ್ದನ್ನು ಕೆಳಗಿಟ್ಟ ದನಿ ಅದು.

ಇದನ್ನೆಲ್ಲ ಮೊನ್ನೆ ಮಗಳಿಗೆ ಹೇಳಿದೆ. ಬಟ್ಟೆಯ ಬೇಲಿನಂತೆ ಅಜ್ಜಿ ತೂಗಿಸಿಕೊಂಡದ್ದಕ್ಕೆ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ, "ಅಮ್ಮಾ, ಅಂದರೆ ಆ ಇಬ್ಬರಲ್ಲಿ ಒಬ್ಬಳು ನಾನಾ?" ಎಂದು ಕೇಳಿದಳು.

"ನೀನ. ನನಗ ಹಾಕಿದ್ದು ಅರ್ಧ ರೊಟ್ಟಿ, ಅದರಾಗ ನಿನಗ ಎಷ್ಟು ಬಂದಿರಬೇಕು ನೋಡು."

ಅವಳು ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಇನ್ನೊಂದರಿಂದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಬಿಸಿಯದು ಇನ್ನೊಂದು ಇದೆಯಾ ಎಂದಳು. ನಾನು ಮತ್ತೆ ಹಂಚು ಇಟ್ಟೆ.

ಇವತ್ತು ಬೆಳಿಗ್ಗೆ ತರಕಾರಿಗೆಂದು ಇಬ್ಬರೂ ಕೆಳಗೆ ಹೊರಟೆವು. ಲಿಫ್ಟಿನಲ್ಲಿದ್ದ ಮೇಲಿನ ಮನೆಯಾಕೆ ಮಗಳನ್ನು ನೋಡಿ ಮೆಚ್ಚುಗೆಯಿಂದ, "ಪಾಛಳಥೀ ತೋ ಖಬರ್ ಜ ನಥೀ ಪಡತಿ!" ಎಂದಳು. ಅದೇ ಹಾಡು, ಹಿಂದಿನಿಂದ ಗೊತ್ತೇ ಆಗುವುದಿಲ್ಲ. ಮತ್ತೆ ಊಟ ಬಿಟ್ಟಾಳೆಂದು ನಾನು ಮಗಳ ಮುಖ ನೋಡಿದೆ. ಮಗಳು ಮಾತ್ರ ದುಪಟ್ಟಾ ಸರಿಸಿ, ಆಕೆಯ ಕಡೆಗೆ ಪೂರ್ತಿ ತಿರುಗಿ ನಿಂತಳು. "ಖಬರ್ ತೋ ಪಡವೀ ಜ ಜೋಈಏ ನೆ!" ಎಂದಳು. ಗೊತ್ತಾಗಲೇಬೇಕಲ್ಲ! ಎಷ್ಟು ತೂಕ ಏರಿದೆ, ಇನ್ನೆಷ್ಟು ಏರಬೇಕು ಎಂಬುದನ್ನೂ ಆಕೆ ಕೇಳದೆಯೇ ಹೇಳಿಬಿಟ್ಟಳು. ಲಿಫ್ಟು ನಿಂತಾಗ ಮೊದಲು ಅವಳೇ ಇಳಿದಳು, ಹೊಟ್ಟೆ ಮುಂದೆ ಮಾಡಿಕೊಂಡು, ನಿಧಾನಕ್ಕೆ. ನಾನೂ ಮೇಲಿನ ಮನೆಯಾಕೆಯೂ ದಾರಿ ಬಿಟ್ಟು ನಿಂತೆವು.

ಮನೆಗೆ ಬಂದದ್ದೇ ಉಪ್ಪು, ಮೆಣಸಿನಕಾಯಿ ಹಿಡಿದು ಅವಳಿಗೆ ದೃಷ್ಟಿ ತೆಗೆದೆ. ಪಾಪ, ಲಿಫ್ಟಿನಾಕೆಯದು ಏನೂ ತಪ್ಪಿಲ್ಲ. ಕಣ್ತುಂಬ ನೋಡಿ ನೋಡಿ ದೃಷ್ಟಿ ಹಾಕಿದವಳು ನಾನೇ.