ಬೀಗ ಹಾಕಿದ ಕೋಣೆಯ ಮಂಚ

ಇದನ್ನು ಹೇಳಿದರೆ ಕೆಲವರು ನಗುತ್ತಾರೆ, ಕೆಲವರು ನನ್ನ ಮೇಲೇ ಅನುಮಾನ ಪಡುತ್ತಾರೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಮಾತ್ರ ಆ ರಾತ್ರಿ ಅಲ್ಲೇ ಇದ್ದೆ, ನಡೆದದ್ದಕ್ಕೆ ಉಪ್ಪುಖಾರ ಹಚ್ಚುತ್ತಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಮುನವಳ್ಳಿಯ ನಮ್ಮ ಮನೆಯಲ್ಲಿ ಅತ್ತೆ ಹೊಟ್ಟೆಯ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದರು. ಬೆಳಗಾವಿಯ ಡಾಕ್ಟರು, ಇನ್ನು ವಾಸಿಯಾಗುವುದಿಲ್ಲ, ಆದರೆ ನೋವು ಕಡಿಮೆ ಮಾಡಬಹುದು, ಮೆತ್ತನೆಯ ಗಾದಿ ಹಾಕಿ ಆಗಾಗ ಮಗ್ಗುಲು ಬದಲಿಸಿ ಎಂದು ಹೇಳಿ ಕಳಿಸಿದ್ದರು. ಅದನ್ನೆಲ್ಲ ಕಿರಿಸೊಸೆಯಾದ ನಾನೇ ಮಾಡುತ್ತಿದ್ದೆ. ಹೆತ್ತ ಗಂಡುಮಕ್ಕಳು ಬಾಗಿಲಲ್ಲೇ ನಿಂತು, ಹೇಗಿದ್ದಾಳೆಂದು ಕೇಳಿ ಹೋಗುವವರು.

ಒಂದು ಮಧ್ಯಾಹ್ನ ಅತ್ತೆಗೆ ಮೇಲುಸಿರು ಹತ್ತಿತು. ಮಂಚದ ಮೇಲೆ ಪ್ರಾಣ ಹೋಗಬಾರದು ಎನ್ನುವ ಪದ್ಧತಿ ನಮ್ಮಲ್ಲಿ. ಭಾವ, ಅಂದರೆ ನನ್ನ ಗಂಡನ ಅಣ್ಣ, ನೆಲಕ್ಕೆ ದರ್ಭೆ ಹಾಸಿ ಅವರನ್ನು ಕೆಳಗಿಳಿಸಿದರು. ಬಾಯಿಗೆ ಗಂಗಾಜಲ ಬಿಟ್ಟರು. ಗಾದಿಯನ್ನು ಊರ ಹೊರಗೆ ಎಸೆಸಿದರು. ರಾಮದುರ್ಗ, ಕಿತ್ತೂರಿನ ನೆಂಟರಿಗೆ ಫೋನೂ ಹೋಯಿತು.

ಸಂಜೆ ಅತ್ತೆ ಕಣ್ಣು ಬಿಟ್ಟು ಚಹಾ ಕೇಳಿದರು.

“ಸುಮಾ, ನನ್ನ ಮಂಚದ ಮ್ಯಾಲ ಮಲಗಸವಾ. ನೆಲಾ ಭಾಳ ಚುಚ್ಚತದ.”

ನಾನು ಮಂಚ ಎಳೆಯಲು ಹೋದೆ. ಭಾವ ಅಡ್ಡ ಬಂದರು. “ಒಮ್ಮೆ ಕೆಳಗ ಹಾಕಿದವರನ್ನ ಮತ್ತ ಎತ್ತೂದಿಲ್ಲ. ಮನಿಗೆ ಛಲೋ ಅಲ್ಲ” ಎಂದವರೇ ಆ ಕಬ್ಬಿಣದ ಮಂಚವನ್ನು ಒಳಕೋಣೆಗೆ ನೂಕಿ, ಬೀಗ ಜಡಿದು, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಗಂಡನ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

ಆಮೇಲೆ ಶುರುವಾಯಿತು ಕಾಯುವ ಕೆಲಸ. ನೆಂಟರು ಬಂದರು, ಉಂಡರು, ರಜೆ ಮುಗಿಯುತ್ತ ಬಂತೆಂದು ಗೊಣಗಿದರು. ಥಂಡಿಯ ದಿನಗಳು. ಮಲಗಿ ಮಲಗಿ ಅತ್ತೆಯ ಬೆನ್ನಿಗಾಗಿದ್ದ ಹುಣ್ಣು ಕಲ್ಲಿನ ನೆಲದ ಮೇಲೆ ದಿನದಿನಕ್ಕೆ ದೊಡ್ಡದಾಗುತ್ತಿತ್ತು. ನಾನು ಕೆಳಗೊಂದು ಕೌದಿ ತುರುಕಿದರೆ ಭಾವ ಅದನ್ನೂ ಎಳೆದುಹಾಕಿಸಿದರು.

ಆ ರಾತ್ರಿ ಅತ್ತೆಯ ಪಕ್ಕದಲ್ಲೇ ಮಲಗಿದ್ದೆ. ಕರೆಂಟು ಹೋಗಿತ್ತು. ಹುಣ್ಣಿನ ವಾಸನೆ, ಫಿನಾಯಿಲ್ ವಾಸನೆ... ಪಡಸಾಲೆಯಲ್ಲಿ ನೆಂಟರ ಗೊರಕೆ.

ಯಾವಾಗಲೋ ಎಚ್ಚರವಾಯಿತು. ಆ ವಾಸನೆಗಳು ಇರಲಿಲ್ಲ. ಬಿಸಿಲಿಗೆ ಹಾಕಿ ತೆಗೆದ ಹತ್ತಿಗಾದಿಯ ವಾಸನೆ ಬರುತ್ತಿತ್ತು... ಆ ಚಳಿಯಲ್ಲಿ, ಆ ಕತ್ತಲಲ್ಲಿ.

ಅತ್ತೆ ಮೆಲ್ಲಗೆ ಮಾತಾಡುತ್ತಿದ್ದರು.

“ಸಾವಕಾಶ ಎತ್ತವಾ... ಬೆನ್ನ ಹುಣ್ಣಿಗೆ ಕೈ ತಾಗ್ತದ.”

ನನ್ನನ್ನೇ ಕರೆದು ಕನವರಿಸುತ್ತಿದ್ದಾರೆ ಎಂದುಕೊಂಡೆ. “ಏನ್ರಿ ಅತ್ತ್ಯಾರ, ಇಲ್ಲೇ ಇದ್ದೇನಿ” ಎಂದು ಪಿಸುಗುಟ್ಟಿದೆ.

“ನಿನಗಲ್ಲ. ನೀ ಮಲಕೋ.”

ಏಳಬೇಕೆಂದರೆ ಕೈಕಾಲು ಆಡಲಿಲ್ಲ. ಅಷ್ಟರಲ್ಲಿ ಬೀಗ ಹಾಕಿದ ಕೋಣೆಯೊಳಗೆ ಮಂಚ ಕಿರ್‌... ಎಂದಿತು, ಯಾರೋ ಮಲಗಿಕೊಂಡಾಗ ಆಗುವ ಸದ್ದು. ಹೇಗೋ ಕೈ ಚಾಚಿ ಪಕ್ಕದ ನೆಲ ಸವರಿದೆ. ನೆಲ ಇನ್ನೂ ಬೆಚ್ಚಗಿತ್ತು. ಅತ್ತೆ ಇರಲಿಲ್ಲ.

ಚೀರಿದೆ. ಮನೆಯೆಲ್ಲ ಎದ್ದಿತು. ಕಂದೀಲು ಹಿಡಿದು ನೋಡಿದರೆ ಬೀಗ ಹಾಕಿದ ಹಾಗೇ ಇದೆ. ಭಾವ ಜನಿವಾರದಿಂದ ಕೀಲಿ ಬಿಚ್ಚಿ ಬೀಗ ತೆಗೆದರು.

ಬಾಗಿಲು ತೆರೆದರೆ ಅತ್ತೆ ಮಂಚದ ಮೇಲಿದ್ದರು. ಗಾದಿಯಿಲ್ಲದ ಬರೀ ಕಬ್ಬಿಣದ ಪಟ್ಟಿಗಳ ಮೇಲೆ, ಒಂದು ಮಗ್ಗುಲಾಗಿ, ಮೊಣಕಾಲುಗಳ ನಡುವೆ ಬಟ್ಟೆಯ ಮಡಿಕೆ ಇಟ್ಟುಕೊಂಡು ಮಲಗಿದ್ದರು. ಹಾಗೆ ಮಲಗಿಸುವುದನ್ನು ಡಾಕ್ಟರು ಕಲಿಸಿದ್ದು ನನಗೊಬ್ಬಳಿಗೆ. ಉಸಿರು ನೆಮ್ಮದಿಯಿಂದ ಆಡುತ್ತಿತ್ತು. ಅವರು ಅಷ್ಟು ಸುಖವಾಗಿ ನಿದ್ದೆ ಮಾಡಿದ್ದನ್ನು ನಾನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ.

“ಹಾಂಗ ಇರಲಿ ಬಿಡ್ರಿ ಭಾವಾ, ಕೈ ಮುಗಿತೇನಿ” ಎಂದೆ.

“ಮಂಚದ ಮ್ಯಾಲ ಹೋದ್ರ ಮಂದಿ ಏನಂತಾರ? ಇಳಸ್ರಿ ಕೆಳಗ.”

ಗಂಡಸರು ಗಡಿಬಿಡಿಯಲ್ಲಿ ಸಿಕ್ಕ ಸಿಕ್ಕ ಕಡೆ ಹಿಡಿದು ಎತ್ತಿದರು. ಅತ್ತೆ ಒಮ್ಮೆ ಚೀರಿದರು. ನೆಲ ಮುಟ್ಟುವ ಮೊದಲೇ, ಎತ್ತಿದವರ ಕೈಗಳಲ್ಲೇ ಪ್ರಾಣ ಹೋಯಿತು.

ನೆಲದ ಮೇಲೆಯೇ ಹೋದಳು, ಪುಣ್ಯವಂತೆ ಎಂದು ಭಾವ ಊರಿಗೆಲ್ಲ ಹೇಳಿದರು. ನನ್ನನ್ನು ಮಾತ್ರ ಕರೆದು, ಕಳ್ಳಕೀಲಿ ಮಾಡಿಸಿ ನೀನೇ ಎತ್ತಿ ಹಾಕಿದ್ದೀ ಎಂದು ಬೈದರು. ನನ್ನ ಗಂಡನೂ ಇವತ್ತಿಗೂ ಅದನ್ನೇ ನಂಬಿದ್ದಾರೆ. ನಾನೇ ಎತ್ತಿದ್ದರೆ ಎದೆ ತಟ್ಟಿ ಹೇಳುತ್ತಿದ್ದೆ.

ಅಂದು ಮನೆ ತುಂಬ ಜನರಿದ್ದೆವು. ಹುಣ್ಣಿಗೆ ನೋವಾಗದಂತೆ ಅವರನ್ನು ಎತ್ತಿ ಮಲಗಿಸಿದವರು ನಮ್ಮಲ್ಲಿ ಯಾರೂ ಅಲ್ಲ. ಯಾರೆಂದು ಗೊತ್ತಿಲ್ಲ, ನೆನೆದರೆ ಈಗಲೂ ಹೆದರಿಕೆಯಾಗುತ್ತದೆ... ಆದರೆ ನಾಳೆ ನಾನು ಹಾಸಿಗೆ ಹಿಡಿದಾಗ ನನ್ನನ್ನು ಎತ್ತುವವರು ಈ ಮನೆಯ ಗಂಡಸರೇ ಅಲ್ಲವೇ ಎಂದು ನೆನೆದರೆ, ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತದೆ.