ಮಗ್ಗ ನಿಂತಾಗ ಹೇಳಿದ್ದೇ ನಿಜ

ಹೋದ ವಾರ ನಮ್ಮ ಹಾಸ್ಟೆಲ್ಲಿನ ಟೀವಿ ಕೋಣೆಯಲ್ಲಿ ಸತ್ತವನೊಬ್ಬ ಎದ್ದು ಬಂದ. ಗಾಬರಿಯಾಗಬೇಡಿ, ಕೇಬಲ್ಲಿನಲ್ಲಿ ಬರುವ ಪರದೇಶದ ಅಂತರಿಕ್ಷ ಧಾರಾವಾಹಿಯ ಮಾತು. ಹಿಂದಿನ ಕಂತಿನಲ್ಲಿ ನೌಕೆಯ ಜೊತೆ ಚೂರಾಗಿ ಹೋದವನು ಈ ಕಂತಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹುಡುಗಿಯರಿಗೆ ಜಗಳ ಹತ್ತಿತು. ಇದೇ ಕಥೆಯ ಸಿನಿಮಾದಲ್ಲಿ ಅವನು ಬದುಕಿದ್ದಾನೆ ಎಂದು ಒಬ್ಬಳು, ಪುಸ್ತಕದಲ್ಲಿ ಅವನು ಹುಟ್ಟಿಯೇ ಇಲ್ಲ ಎಂದು ಇನ್ನೊಬ್ಬಳು. ಇಂಥ ಕಥೆಗಳನ್ನು ಹತ್ತಾರು ಜನ ಬರೆಯುವುದರಿಂದ, ಯಾವುದು ನಿಜ, ಯಾವುದು ಲೆಕ್ಕಕ್ಕಿಲ್ಲ ಎಂದು ತೀರ್ಮಾನಿಸಲಿಕ್ಕೇ ಅಲ್ಲಿ ಸಂಬಳ ಕೊಟ್ಟು ಜನ ಇಟ್ಟಿರುತ್ತಾರಂತೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನು ನಿಂತ ಮೇಲಿನ ನಿಶ್ಶಬ್ದದಲ್ಲಿ ನನಗೆ ನಗು ಬಂತು. ಆ ಕೆಲಸವನ್ನು ನಾನು ಫ್ರಾಕು ತೊಡುವ ವಯಸ್ಸಿನಲ್ಲೇ ದೊಡ್ಡಬಳ್ಳಾಪುರದಲ್ಲಿ ಮಾಡಿದ್ದೆ, ಸಂಬಳವಿಲ್ಲದೆ.

ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗ, ಎಲ್ಲವೂ ಕರೆಂಟಿನವು. ನಮ್ಮ ಮನೆಯಲ್ಲಿ ಎರಡು ಮಗ್ಗಗಳು ನಡುಮನೆಯನ್ನೇ ನುಂಗಿದ್ದವು. ಅವು ಓಡುವಾಗ ಅಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ. ನಾನು ಮಾತು ಕಡಿಮೆಯವಳೆಂದು ಇವತ್ತಿಗೂ ದೂರುವವರು ಆ ಬೀದಿಯಲ್ಲಿ ಒಂದು ವಾರ ಇದ್ದು ನೋಡಬೇಕು.

ಕರೆಂಟ್ ಹೋದಾಗ ಮಾತ್ರ ಬೀದಿಗೆ ಬೀದಿಯೇ ತೆಪ್ಪಗಾಗುತ್ತಿತ್ತು. ಆಗ ಅಪ್ಪನ ತಂಗಿ ಪದ್ಮತ್ತೆ ಕೈ ಒರೆಸಿಕೊಂಡು ಗೋಡೆಗೆ ಒರಗುತ್ತಿದ್ದಳು. ಪಿಯುಸಿಯಲ್ಲಿ ಒಂದು ವರ್ಷ ಸೈನ್ಸ್ ಓದಿ ಮಗ್ಗಕ್ಕೆ ಬಂದಿದ್ದವಳು ಅವಳು. ಓದಿದ್ದನ್ನೆಲ್ಲ ಅಂತರಿಕ್ಷಕ್ಕೆ ಸಾಗಿಸಿದ್ದಳು. ಬೆಳ್ಳಿರೆಕ್ಕೆ ಎಂಬ ನೌಕೆ, ಅದರ ಕ್ಯಾಪ್ಟನ್ ಗಿರಿಧರ, ಅವನಿಗೆ ಎದುರುತ್ತರ ಕೊಡುವ ಒಂದು ಕಬ್ಬಿಣದ ಆಳು. ಪಕ್ಕದ ಮನೆಯ ನಸೀಮಾ ಮತ್ತು ನಾನು ಖಾಯಂ ಕೇಳುಗರು. ಅಪ್ಪ ನಮ್ಮ ಕಡೆ ಬೆನ್ನು ಮಾಡಿ ಕೂತು, ಅಡ್ಡನೂಲು ಓಡಿಸುವ ಲಾಳಿ ಒರೆಸುತ್ತಿದ್ದರು. ಆ ಲಾಳಿಗಳಷ್ಟು ಫಳಫಳಿಸುವ ಲಾಳಿಗಳು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

ಕಥೆ ಬೆಳೆದಂತೆ ಗೋಜಲೂ ಬೆಳೆಯಿತು. ತಪ್ಪು ಹಿಡಿಯುವುದು ನನ್ನ ಕೆಲಸ.

"ಅತ್ತೆ, ಆ ಗ್ರಹದಲ್ಲಿ ಗಾಳಿನೇ ಇಲ್ಲ ಅಂದಿದ್ದೆ. ಈಗ ಬಾವುಟ ಹೆಂಗೆ ಹಾರಾಡ್ತು?"

"ನೋಡಮ್ಮ, ಬಂದ್ಲು ಇನ್‌ಸ್ಪೆಕ್ಟ್ರು! ಬಾವುಟಕ್ಕೆ ಒಳಗಡೆ ಮೋಟ್ರು ಇತ್ತು ಕಣೇ."

"ಹೋದ್ಸಲ ಹೇಳ್ಲೇ ಇಲ್ಲ?"

"ಹೋದ್ಸಲ ಅದು ಗುಟ್ಟು."

ನಸೀಮಾಳ ತಂಟೆ ಬೇರೆ. ಅತ್ತೆ ಸಾಯಿಸಿದ ಕಬ್ಬಿಣದ ಆಳನ್ನು ಅವಳು ಸ್ಕೂಲಿನಲ್ಲಿ ಕಥೆ ಮುಂದುವರಿಸಿ ಬದುಕಿಸಿಬಿಟ್ಟಳು, ಅದಕ್ಕೆ ಮದುವೆಯನ್ನೂ ಮಾಡಿಸಿದಳು. ಅರ್ಧ ಕ್ಲಾಸು ಅದನ್ನೇ ನಂಬಿತು. ಅತ್ತೆ ಮಗ್ಗದ ಸದ್ದಿನ ನಡುವೆ ಕೂಗಿ ಹೇಳಿದ್ದನ್ನು ತಾನು ಹೇಳಿಯೇ ಇಲ್ಲ ಎನ್ನುವುದೂ ಶುರುವಾಯಿತು. ಕೊನೆಗೆ ಅತ್ತೆಯೇ ಕಾನೂನು ಮಾಡಿದಳು: ನಮ್ಮ ಮನೆಯಲ್ಲಿ, ಮಗ್ಗ ನಿಂತಿರುವಾಗ ಹೇಳಿದ್ದೇ ನಿಜ. ಮಗ್ಗ ಓಡುವಾಗ ಹೇಳಿದ್ದು ಲೆಕ್ಕಕ್ಕಿಲ್ಲ. ಸ್ಕೂಲಿನಲ್ಲಿ ಹೇಳಿದ್ದು ಬೇರೆ ಗ್ಯಾಲಕ್ಸಿ. ತಕರಾರು ಬಂದರೆ ತೀರ್ಪು ಇನ್‌ಸ್ಪೆಕ್ಟ್ರದ್ದು, ಅಂದರೆ ನನ್ನದು.

"ನನ್ ಗ್ಯಾಲಕ್ಸಿಲಿ ಅದಕ್ಕೆ ಮಗೂನೂ ಆಯ್ತು ಪದ್ಮಕ್ಕ," ಎಂದಳು ನಸೀಮಾ, ಸೋಲದೆ.

ಗಮನಿಸಿ, ಕಾನೂನಿನಲ್ಲಿ ಇದ್ದದ್ದು ಮಗ್ಗ, ಕರೆಂಟಲ್ಲ. ಯಾಕೆಂದರೆ ಬಲ್ಬು ಹತ್ತಿದ ತಕ್ಷಣ ಅಪ್ಪ ಎಂದೂ ಮಗ್ಗ ಶುರು ಮಾಡುತ್ತಿರಲಿಲ್ಲ. "ವೋಲ್ಟೇಜ್ ನಿಲ್ಲಲಿ, ಮೋಟ್ರು ಸುಟ್ಟೋಗ್ತದೆ," ಎಂದು ಸ್ಟಾರ್ಟರಿನ ಪಕ್ಕ ನಿಂತು ಬಲ್ಬನ್ನೇ ನೋಡುತ್ತಿದ್ದರು. ಆ ಬೆಳಕಿನಲ್ಲಿ ಸಿಕ್ಕುವ ನಾಲ್ಕು ಮಾತೂ ನಮ್ಮ ಪಾಲಿಗೆ ನಿಜದ ಲೆಕ್ಕವೇ.

ಅತ್ತೆಗೆ ಅರಿಶಿನಕುಂಟೆಯಲ್ಲಿ ಗಂಡು ಗೊತ್ತಾಯಿತು. ಮದುವೆಗೆ ವಾರವಿದೆ ಎನ್ನುವಾಗ ಅವಳು ಘೋಷಿಸಿದಳು, "ನಾನು ಹೋದ್ಮೇಲೆ ನೀವಿಬ್ರೂ ಸೇರ್ಕೊಂಡು ಕ್ಯಾಪ್ಟನ್ನಿಗೆ ತರಕಾರಿ ಅಂಗಡಿ ಇಟ್ಕೊಡ್ತೀರ. ಕಥೆ ಮುಗಿಸ್ಬಿಟ್ಟೇ ಹೋಗ್ತೀನಿ."

ನಾವಿಬ್ಬರೂ ಕಂಗಾಲು. ಕಥೆ ಬಾಕಿ ಇದ್ದರೆ ಅತ್ತೆ ಅದನ್ನು ಹೇಳುವುದಕ್ಕಾದರೂ ಬರಬೇಕು. ಮುಗಿದರೆ ಬರುವುದಕ್ಕೆ ಏನಿದೆ? ಆ ವಾರ ಕರೆಂಟ್ ಹೋಗದಿರಲಿ ಎಂದು ಬೇಡಿಕೊಂಡ ಮಕ್ಕಳು ಇಡೀ ಊರಿನಲ್ಲಿ ನಾವಿಬ್ಬರೇ ಇರಬೇಕು. ಆದರೂ ಹೋಯಿತು.

ಅತ್ತೆ ತಡ ಮಾಡಲಿಲ್ಲ. ನೌಕೆಗೆ ಬೆಂಕಿ ಬಿತ್ತು. ಉಳಿದವರನ್ನೆಲ್ಲ ಚಿಕ್ಕ ನೌಕೆಗೆ ಹತ್ತಿಸಿ ಕ್ಯಾಪ್ಟನ್ ಒಬ್ಬನೇ ಉಳಿದ. ಹೊರಗಿನ ಬಾಗಿಲು ತೆರೆಯಿತು. ನಸೀಮಾ ನನ್ನ ಕೈ ಹಿಚುಕುತ್ತಿದ್ದಳು. ಆಗ ಬಲ್ಬು ಹತ್ತಿತು.

"ಏನಾದ್ರೂ ಹತ್ಲಿ," ಎಂದಳು ಅತ್ತೆ, "ಮಗ್ಗ ನಿಂತೈತೆ. ಕ್ಯಾಪ್ಟನ್ ಹೊರಗಡೆ ಕಾಲು..."

ಎರಡೂ ಮಗ್ಗಗಳು ಧಡಧಡನೆ ಶುರುವಾದವು. ಅತ್ತೆಯ ತುಟಿ ಆಡುತ್ತಲೇ ಇತ್ತು. ಅಪ್ಪನ ಕೈ ಸ್ಟಾರ್ಟರಿನ ಮೇಲಿತ್ತು.

"ಲೆಕ್ಕಕ್ಕಿಲ್ಲ!" ನಸೀಮಾ ಕುಣಿದಳು.

"ಅಣ್ಣಾ, ಸ್ವಲ್ಪ ನಿಲ್ಸು!" ಅತ್ತೆ ಕೂಗಿದಳು. ಅಪ್ಪ ಕಿವಿಗೆ ಕೈ ಹಚ್ಚಿ, ಏನೂ ಕೇಳಿಸುತ್ತಿಲ್ಲವೆಂದು ಸನ್ನೆ ಮಾಡಿದರು. ಅತ್ತೆ ನನ್ನ ಕಡೆ ತಿರುಗಿದಳು. ಜೀವಮಾನದಲ್ಲಿ ನಾನು ಕೂಗಿದ್ದು ಅಪರೂಪ, ಅವತ್ತು ಕೂಗಿದೆ, "ಮಗ್ಗ ಓಡ್ತಾ ಇತ್ತು!"

ಮದುವೆಯ ತನಕ ಮತ್ತೆ ಕರೆಂಟ್ ಹೋಗಲಿಲ್ಲ. ರಾತ್ರಿ ಮಗ್ಗ ನಿಲ್ಲುವ ಹೊತ್ತಿಗೆ ನಾವಿಬ್ಬರೂ ಮಲಗಿರುತ್ತಿದ್ದೆವು. ಅತ್ತೆ ಆಮೇಲೆ ಹಬ್ಬಕ್ಕೆ ಬಂದಳು, ಬಾಣಂತನಕ್ಕೂ ಬಂದಳು. ಕಂಕುಳಲ್ಲಿ ಮಗುವಿರುವಾಗ ಅಂತರಿಕ್ಷದ ಸರದಿ ಬರಲೇ ಇಲ್ಲ. ಕ್ಯಾಪ್ಟನ್ ಇಷ್ಟು ವರ್ಷ ತೆರೆದ ಬಾಗಿಲಲ್ಲೇ ನಿಂತಿದ್ದ.

ಹಾಸ್ಟೆಲ್ಲಿನ ಆ ಜಗಳದ ಮೇಲೆ, ಮೊನ್ನೆ ಭಾನುವಾರ ಮನೆಗೆ ಹೋಗಿದ್ದೆ. ಮಧ್ಯಾಹ್ನ ಕರೆಂಟ್ ಹೋಯಿತು. ಅಪ್ಪ ಅಭ್ಯಾಸದಂತೆ ಲಾಳಿ ಕೈಗೆತ್ತಿಕೊಂಡರು.

"ಅಪ್ಪ, ಅವತ್ತು ವೋಲ್ಟೇಜ್ ನಿಲ್ಲೋಕ್ ಮುಂಚೆ ಮಗ್ಗ ಯಾಕೆ ಹಾಕಿದ್ರಿ?"

"ಯಾವತ್ತು?" ಅಪ್ಪ ಲಾಳಿಯ ತುದಿಯನ್ನು ಉಜ್ಜಿದರು. ಅದನ್ನು ತಿರುಗಿಸಿ ಇನ್ನೊಂದು ತುದಿಗೆ ಬಟ್ಟೆ ಹಚ್ಚುತ್ತ, "ಅವ್ನು ಕಾಲು ಆಚೆ ಇಟ್ಟಿರ್ಲಿಲ್ಲ ತಾನೆ?" ಎಂದರು.

ಇನ್ನೊಬ್ಬರ ಕಥೆಯಲ್ಲಿ ತಪ್ಪು ಹುಡುಕಿದ್ದು ಬಿಟ್ಟರೆ ನಾನು ಯಾವತ್ತೂ ಕಥೆ ಹೇಳಿದವಳಲ್ಲ. ಗಂಟಲು ಸರಿಮಾಡಿಕೊಂಡು, ಗೋಡೆಗೆ ಒರಗಿದೆ. "ಇಲ್ಲ. ಬಾಗಿಲಲ್ಲೇ ನಿಂತಿದ್ದ. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವನ ತೋಳು ಹಿಡಿದರು..."

ನಡುವೆ ಬಲ್ಬು ಹತ್ತಿತು. ಬೀದಿಯ ಮಗ್ಗಗಳು ಒಂದೊಂದಾಗಿ ಶುರುವಾದವು. ನಾನು ಸ್ಟಾರ್ಟರಿನ ಕಡೆ ನೋಡಿದೆ. ಬಲ್ಬು ಸೂರ್ಯನಂತೆ ನೆಟ್ಟಗೆ ಉರಿಯುತ್ತಿತ್ತು, ಒಂದಿಷ್ಟೂ ಮಿಣುಕದೆ.

"ವೋಲ್ಟೇಜ್ ಸರಿಯಿಲ್ಲ," ಎಂದರು ಅಪ್ಪ, ಕೂತಲ್ಲಿಂದ ಏಳದೆ. "ನೀನು ಹೇಳು."