ಶರಾಫರ ರಸೀದಿ

ನಿವೃತ್ತ ಶರಾಫರ ತಂದೆ ಬೆಳ್ಳಿಯ ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿ, ಅದರ ದನಿಯಿಂದಲೇ ಅಸಲಿಯೋ ಖೋಟಾವೋ ಹೇಳಿಬಿಡುತ್ತಿದ್ದರು. ಮಗನ ಕಾಲಕ್ಕೆ ಬೆಳ್ಳಿ ಹೋಗಿ ಕಾಗದ ಬಂದಿತ್ತು. ಮೂವತ್ತನಾಲ್ಕು ವರ್ಷ ಏಳು ತಿಂಗಳು ಅವರು ಬ್ಯಾಂಕಿನ ಖಜಾನೆಯಲ್ಲಿ ನಗದು ಪರೀಕ್ಷಿಸುವ ಶರಾಫರಾಗಿ ಕುಳಿತು, ಒದ್ದೆ ಸ್ಪಂಜಿಗೆ ಬೆರಳು ಒತ್ತಿ, ಒಂದೊಂದು ನೋಟನ್ನೂ ಹೆಬ್ಬೆರಳಿನಿಂದ ತೀಡಿ ನೋಡಿದರು. ಅವರು ಸರಿಯೆಂದ ಕಟ್ಟನ್ನು ಇನ್ನೊಬ್ಬರು ಬಿಚ್ಚಿ ನೋಡಿದ ಉದಾಹರಣೆ ಇಲ್ಲ.

ಈಗ ಪಿಂಚಣಿ ಮೊಬೈಲಿನಲ್ಲಿ ಬರಿಯ ಅಂಕಿಯಾಗಿ ಬರುತ್ತಿತ್ತು. ಅಂಕಿಯನ್ನು ತೀಡಿ ನೋಡುವುದೆಂತು? ಆದ್ದರಿಂದ ಪ್ರತಿ ತಿಂಗಳ ಮೊದಲ ದಿನ ಶರಾಫರು ಬ್ಯಾಂಕಿಗೆ ಹೋಗಿ ಪೂರ್ತಿ ಹಣ ತೆಗೆದು, ಮನೆಯಲ್ಲಿ ಎಲ್ಲವನ್ನೂ ಮುಟ್ಟಿ ನೋಡಿ, ಮರುದಿನ ಮತ್ತೆ ಖಾತೆಗೆ ಕಟ್ಟಿ ಬರುತ್ತಿದ್ದರು.

“ರೀ, ದುಡ್ಡನ್ನ ತಿಂಗಳು ತಿಂಗಳು ವಾಕಿಂಗ್ ಕರ್ಕೊಂಡು ಹೋಗ್ತೀರಿ, ನನ್ನನ್ನೂ ಒಂದಿನ ಕರ್ಕೊಂಡು ಹೋಗಿ,” ಎಂದು ಹೆಂಡತಿ ಛೇಡಿಸುತ್ತಿದ್ದರು.

ಆಕೆಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಉರಿಯುವ ಒಲೆ ಕಾಣದೆ ಒಮ್ಮೆ ಕೈ ಸುಟ್ಟುಕೊಂಡದ್ದೂ ಆಗಿತ್ತು. ಗುರುವಾರ ಹನ್ನೊಂದು ಗಂಟೆಯೊಳಗೆ ಆಸ್ಪತ್ರೆಗೆ ಹಣ ಕಟ್ಟಿದರೆ ಅಂದೇ ಶಸ್ತ್ರಚಿಕಿತ್ಸೆ. ತಪ್ಪಿದರೆ ಎರಡೂವರೆ ತಿಂಗಳು ಕಾಯಬೇಕು. ಆಕೆಗೆ ಭಯ. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿನವರೆಗೂ ಕೈ ಹಿಡಿದುಕೊಂಡೇ ಬರುವೆನೆಂದು ಗಂಡ ಮಾತು ಕೊಟ್ಟಿದ್ದರು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಬ್ಯಾಂಕಿನಿಂದ ಸಂದೇಶ ಬಂತು: ಖಾತೆಯನ್ನು ತಡೆಹಿಡಿಯಲಾಗಿದೆ. ತಿಂಗಳು ತಿಂಗಳು ಪೂರ್ತಿ ಹಣ ಹೋಗಿ ಹಿಂದಿರುಗುವುದನ್ನು ಕಂಡು ಕಂಪ್ಯೂಟರಿಗೆ ಅನುಮಾನ ಬಂದಿತ್ತಂತೆ. ಜೀವಮಾನವಿಡೀ ಬ್ಯಾಂಕಿನ ಪರವಾಗಿ ಅನುಮಾನಪಟ್ಟವರ ಮೇಲೆಯೇ ಬ್ಯಾಂಕಿಗೆ ಅನುಮಾನ! ಆಸ್ಪತ್ರೆಯ ಚೀಲ ಹಿಡಿದೇ ದಂಪತಿಗಳು ಬ್ಯಾಂಕಿಗೆ ಧಾವಿಸಿದರು.

ಬೆರಳಚ್ಚು ಕೊಟ್ಟರೆ ಸಾಕೆಂದಳು ಚಿಕ್ಕ ವಯಸ್ಸಿನ ಅಧಿಕಾರಿ. ಶರಾಫರು ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರು. ಕೆಂಪು ದೀಪ. ಒರೆಸಿಕೊಂಡು ಒತ್ತಿದರು. ಮತ್ತೆ ಕೆಂಪು. ಐದು ಸಲವೂ ಅದೇ ಕಥೆ.

“ಸರ್, ನಿಮ್ಮ ಬೆರಳಲ್ಲಿ ಗೆರೆನೇ ಇಲ್ಲ.”

“ಇತ್ತಮ್ಮ. ನಿಮ್ಮ ಖಜಾನೆಯಲ್ಲೇ ಸವೆದಿದ್ದು.”

ಆಕೆ ತಲೆ ತಗ್ಗಿಸಿದಳು. ಖಾತೆ ಜಂಟಿಯಾದ್ದರಿಂದ ಅಮ್ಮನವರ ಬೆರಳಾದರೂ ಆದೀತು ಎಂದಳು. ಹೆಂಡತಿಯ ಬೆರಳಿಗೆ ಮೊದಲ ಸಲಕ್ಕೇ ಹಸಿರು ದೀಪ ಹತ್ತಿತು.

ಶರಾಫರು ನಗದು ಕೇಳಿದರು. ಅಷ್ಟು ನಗದು ಬರುವುದು ಮಧ್ಯಾಹ್ನಕ್ಕೆ. ಗಡಿಯಾರದಲ್ಲಿ ಹತ್ತು ನಲವತ್ತೆಂಟು. ಇಲ್ಲಿಂದಲೇ ಆಸ್ಪತ್ರೆಯ ಖಾತೆಗೆ ಕಳಿಸಬಹುದೆಂದಳು ಅಧಿಕಾರಿ. ಶರಾಫರು ಎದ್ದರು, ಕುಳಿತರು, ಮತ್ತೆ ಎದ್ದರು. ಕಣ್ಣಿಗೆ ಕಾಣದ, ಕೈಗೆ ಸಿಗದ ಹಣ ದಾರಿಯಲ್ಲಿ ಕಳೆದುಹೋದರೆ ಯಾರ ಕೊರಳಪಟ್ಟಿ ಹಿಡಿಯುವುದು?

“ಕಳಿಸಮ್ಮ ನೀನು,” ಎಂದರು ಹೆಂಡತಿ. “ಇವರು ಮುಟ್ಟದೆ ಇದ್ರೂ ದುಡ್ಡು ದುಡ್ಡೇ.”

ಆಸ್ಪತ್ರೆ ಅದೇ ಬೀದಿಯ ತುದಿಯಲ್ಲಿತ್ತು. ಹಣ ಬಂದಿದೆ, ಮೆಸೇಜ್ ಇದೆ, ಕೂತ್ಕೊಳ್ಳಿ ಎಂದ ಗುಮಾಸ್ತ. ಶರಾಫರಿಗೆ ಅದು ಸಾಲದು. ಮೊಹರು ಬಿದ್ದ ರಸೀದಿ ಬೇಕೆಂದು ಪಟ್ಟುಹಿಡಿದರು. ಅದಕ್ಕೆ ಬೇರೆ ಕಿಟಕಿ. ಮುಂದೆ ಹನ್ನೊಂದು ಮಂದಿ. ಎರಡೇ ನಿಮಿಷವೆಂದು ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ ಸಾಲಿನಲ್ಲಿ ನಿಂತರು.

ರಸೀದಿ ಕೈಗೆ ಬಂದಾಗ ಹನ್ನೊಂದು ಇಪ್ಪತ್ತು. ಹಣ ಸಂದಾಯವಾದ ವೇಳೆ ಹತ್ತು ಐವತ್ತೆರಡು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ತಿರುಗಿ ನೋಡಿದರೆ ಬೆಂಚಿನ ಮೇಲೆ ಚೀಲವೊಂದೇ ಇತ್ತು.

ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಬಂದ ನರ್ಸಿನ ಮುಂದೆ ಶರಾಫರು ರಸೀದಿ ಚಾಚಿದರು.

“ಇದು ನಮಗೆ ಬೇಡ ಅಜ್ಜ, ಎಲ್ಲಾ ಕಂಪ್ಯೂಟರಲ್ಲಿದೆ. ಅಜ್ಜಿ ಒಳಗೆ ಹೋಗಿ ಹತ್ತು ನಿಮಿಷ ಆಯ್ತು. ನಿಮ್ಮನ್ನ ಎರಡು ಸಲ ಕೇಳಿದ್ರು. ಬಾಗಿಲ ತನಕ ನಾನೇ ಕೈ ಹಿಡ್ಕೊಂಡಿದ್ದೆ.”

ನರ್ಸ್ ಕುರ್ಚಿ ತೋರಿಸಿದಳು. ಶರಾಫರು ಕೂರಲಿಲ್ಲ.